ನಾನು ಕುಳಿತು ಬರೆಸಿದ ಅಪ್ಪನ ಪಟ

ಪಗಾರವೇ ಇಲ್ಲದ ಕೆಲಸಕ್ಕೆ ಸಂದರ್ಶನ ಬೇರೆ ಕೊಟ್ಟಿದ್ದೆಯಾ ಎಂದು ಈಗಿನವರು ನಗುತ್ತಾರೆ. ನಗಲಿ, ಅವರದೇನು ಹೋಗುತ್ತದೆ. ಆಗ ನಿಜಾಮರ ರಾಜ್ಯ ಹೋಗಿ ಕೆಲವೇ ವರ್ಷವಾಗಿತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟು ನಾನು ಕಲಿತ ಉರ್ದು ಯಾವ ಕಚೇರಿಗೂ ಬೇಡವಾಗಿತ್ತು. ನಮ್ಮ ಶಹಾಪುರದಲ್ಲಿ ಕೆಲಸ ಕೇಳಿದರೆ ನಾಳೆ ಬಾ ಎನ್ನುವವರೇ ಎಲ್ಲ. ಅಂಥದರಲ್ಲಿ ಸುರಪುರದ ಪಟ ಬರೆಯುವವರೊಬ್ಬರಿಗೆ ಹಳ್ಳಿಹಳ್ಳಿ ತಿರುಗಿ ಗಿರಾಕಿ ಹಿಡಿಯುವ ಹುಡುಗರು ಬೇಕಾಗಿದ್ದಾರೆಂದು ಕೇಳಿದೆ. ತೀರಿಹೋದವರ ದೊಡ್ಡ ಪಟ, ಗಾಜು ಹಾಕಿ, ಗೋಡೆಗೆ ತೂಗುಹಾಕಲು. ಮಾರಿದರೆ ಕಮಿಷನ್, ಮಾರದಿದ್ದರೆ ಚಪ್ಪಲಿ ಸವೆದದ್ದಷ್ಟೇ ಲಾಭ.

ಬಿಕೋ ಎನ್ನುವ ಹಳೆಯ ವಾಡೆಯ ಮಾಳಿಗೆಯಲ್ಲಿ ಅವರ ಕೋಣೆ. ಬಿಸಿಲಿಗೆ ಬಣ್ಣ ಹಾಳಾಗುತ್ತದೆಂದು ನಡುಹಗಲಲ್ಲೇ ಕಿಟಕಿಗಳೆಲ್ಲ ಮುಚ್ಚಿದ್ದವು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ತುಂಬ ಮುಖಗಳು ಕಂಡವು. ಮುಖಗಳು ಬೇರೆಬೇರೆ, ಆದರೆ ಎಲ್ಲರಿಗೂ ಅದೇ ಕೋಟು, ಅದೇ ಕುರ್ಚಿ, ತೊಡೆಯ ಮೇಲೆ ಅದೇ ಕೈ. ಮೊದಲೇ ಮೈ ಬರೆದಿಟ್ಟು ಆಮೇಲೆ ತಲೆ ಕೂಡಿಸುತ್ತಿದ್ದರಂತೆ. ಮೂಲೆಯಲ್ಲಿ ತಲೆಯಿಲ್ಲದೆ ಕುಳಿತ ಒಂದು ಪಟವೂ ಇತ್ತು. ಸುಳ್ಳೇಕೆ ಹೇಳಲಿ, ನನಗೆ ಓಡಿಹೋಗಬೇಕೆನಿಸಿತು.

ಅವರು ನನ್ನ ಓದು ಕೇಳಲಿಲ್ಲ, ಊರು ಕೇಳಲಿಲ್ಲ. ಕೇಳಿದ್ದು ಒಂದೇ.

"ನಿಮ್ಮ ಮನ್ಯಾಗ ಪಟ ಇಲ್ಲದಂಗ ಹೋದವ್ರು ಯಾರದಾರ, ತಮ್ಮ?"

ನಾನು ಅಪ್ಪನ ವಿಷಯ ಹೇಳಿದೆ. ನಿಜಾಮರ ರಾಜ್ಯ ಹೋಗುವ ಮುಂಚೆ, ಅವರ ಕಡೆಯ ರಜಾಕಾರರ ಗದ್ದಲದ ವರ್ಷ, ಅಪ್ಪ ಕುರಿ ಮಾರಲು ಯಾದಗಿರಿಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಅವ್ವ ಮಾತ್ರ ದಿನಾ ಮುಂಜಾನೆ ಹಣೆ ತುಂಬ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು, ಅಪ್ಪನ ಪಾಲಿನ ರೊಟ್ಟಿ ತೆಗೆದಿಡುತ್ತಿದ್ದಳು. ಅವಳು ಕಾಯುವುದನ್ನು ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು. ಅಪ್ಪ ಸತ್ತಿದ್ದಾನೆ ಎಂದು ಆಕೆಯೆದುರು ಅನ್ನುವ ಧೈರ್ಯ ನನಗಿರಲಿಲ್ಲ.

ಅವರು ಒಂದು ಕಿಟಕಿಯನ್ನು ಅರ್ಧ ತೆರೆದು, ನನ್ನನ್ನು ಕೂರಿಸಿ ನನ್ನ ಮುಖದಿಂದಲೇ ಅಪ್ಪನನ್ನು ಬರೆಯತೊಡಗಿದರು. ಮೀಸೆ ಹೇಗಿತ್ತು, ರುಮಾಲು ಹೇಗೆ ಸುತ್ತುತ್ತಿದ್ದ ಎಂದು ಕೇಳುತ್ತ ಹೋದರು. ಇದ್ದಿಲ ಕಡ್ಡಿಯ ಕರಕರ ಬಿಟ್ಟರೆ ಇಡೀ ವಾಡೆಯಲ್ಲಿ ಸದ್ದಿಲ್ಲ. ಕೊನೆಗೆ ಹಲಗೆ ನನ್ನ ಕಡೆ ತಿರುಗಿಸಿದರು. ಅಪ್ಪನೇ ಕುಳಿತಿದ್ದ. ಆದರೆ ಹೋದಾಗ ಕರಿಯ ಮೀಸೆಯಿದ್ದ ಅಪ್ಪನಿಗೆ ಇಲ್ಲಿ ಮೀಸೆ ನರೆತಿತ್ತು, ಗಲ್ಲ ಬತ್ತಿತ್ತು. ಅಪ್ಪನಿಗೆ ಇಷ್ಟು ವಯಸ್ಸಾಗಿರಲಿಲ್ಲ ಎಂದೆ.

"ಹೋದ ಮ್ಯಾಲೆ ವಯಸ್ಸು ನಿಲ್ತದ ಅಂತ ಯಾರಂದಾರ?" ಎಂದರು ಅವರು, ನಗದೆ.

ಆಮೇಲೆ ತಮ್ಮ ಕರಾರು ಹೇಳಿದರು. ಈ ಪಟ ನಮ್ಮ ಮನೆಯ ಗೋಡೆಗೇ ಮೊದಲು ಏರಬೇಕು. ಅವ್ವ ತನ್ನ ಕೈಯಾರೆ ಅದಕ್ಕೆ ಹಾರ ಹಾಕಿದರೆ ಕೆಲಸ ನನ್ನದು. ತನ್ನ ಮನೆಯಲ್ಲಿ ಮಾರಲಾರದವನು ಕಂಡವರ ಮನೆಯಲ್ಲಿ ಏನು ಮಾರಿಯಾನು ಎನ್ನುವುದು ಅವರ ಲೆಕ್ಕ. ಸಿಟ್ಟು ನೆತ್ತಿಗೇರಿತು. ಆದರೂ ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಹೊರಟೆ. ಕೆಲಸವೂ ಬೇಕಿತ್ತು, ಅವ್ವ ಕಾಯುವುದೂ ಮುಗಿಯಬೇಕಿತ್ತು.

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅವ್ವ ಒಲೆಯ ಮುಂದಿದ್ದಳು. ಪಟವನ್ನು ಗೋಡೆಗೆ ಆನಿಸಿ ಬಟ್ಟೆ ತೆಗೆದೆ. ಆಕೆ ಎದ್ದು ಬಂದಳು, ನೋಡಿದಳು, ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಈಗ ಅಳುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ಆಕೆ ಆ ನರೆತ ಮೀಸೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಆಕೆಯ ಮುಖದಲ್ಲಿ ಅಂಥ ಬೆಳಕು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಎಷ್ಟು ಸೊರಗ್ಯಾರ ನೋಡು. ಎಲ್ಲಿ ಕುಂತಿದ್ರು?"

ಎದುರಿಗೆ ಮನುಷ್ಯ ಕೂರದೆ ಮುಖ ಬರೆಯಬಹುದೆಂದು ಆಕೆಗೇನು ಗೊತ್ತು. ಕರಿಯ ಮೀಸೆಯವನ ಪಟ ತಂದಿದ್ದರೆ ಹಳೆಯದೆಂದು ತಿಳಿಯುತ್ತಿದ್ದಳೇನೋ. ಇದು ಇವತ್ತಿನ ಮುಖ. ಸುರಪುರದಾಗ ಎಂದೆ. ಅಲ್ಲಿ ಕುಳಿತವನು ನಾನು ಎಂದು ಹೇಳಲಿಲ್ಲ.

ಇಲ್ಲಿಗೆ ಬರಲು ಏನು ಧಾಡಿ ಎಂದು ಅಪ್ಪನನ್ನು ಬೈಯುತ್ತ ಅವ್ವ ಮತ್ತೆ ರೊಟ್ಟಿ ಬಡಿಯಲು ಕುಳಿತಳು. ಹಂಚಿನ ಮೇಲಿನ ರೊಟ್ಟಿ ಮಗುಚಿ, ನನ್ನತ್ತ ನೋಡದೆಯೇ ಹೇಳಿದಳು.

"ಬಾಗಲಿಗಿ ಚಿಲಕ ಹಾಕಬ್ಯಾಡ."

ಪಟಕ್ಕೆ ಹಾರ ಬೀಳಲಿಲ್ಲ, ನನಗೆ ಕೆಲಸವೂ ಸಿಗಲಿಲ್ಲ. ಅವ್ವ ಇರುವತನಕ ನಮ್ಮ ಬಾಗಿಲಿಗೆ ಚಿಲಕ ಹಾಕಲಿಲ್ಲ. ಗಾಳಿಗೆ ಅದು ತೆರೆದುಕೊಂಡಾಗಲೆಲ್ಲ ಆಕೆಗಿಂತ ಮೊದಲು ತಲೆಯೆತ್ತಿ ನೋಡುತ್ತಿದ್ದವನು ನಾನೇ.