ಪಂಪಣ್ಣ ಸರ್ ಕೇಳುತ್ತಿದ್ದ ಒಂದೇ ಪ್ರಶ್ನೆ

ಪಂಪಣ್ಣ ಸರ್ ಅವರ ಎಡಗಿವಿ ಆಟದಲ್ಲಿ ಪೆಟ್ಟು ತಿಂದು ತಿಂದು ಹಿಚುಕಿಟ್ಟ ಹಿಟ್ಟಿನ ಉಂಡೆಯಂತಾಗಿತ್ತು. ಮಿಲಿಟರಿಯಲ್ಲಿದ್ದಾಗ ಅವರು ದೇಶದ ತಂಡದಲ್ಲಿ ರಗ್ಬಿ ಆಡಿದ್ದರು ಎನ್ನುವುದಕ್ಕೆ ನಮ್ಮ ಯಶವಂತನಗರದಲ್ಲಿ ಉಳಿದಿದ್ದ ಸಾಕ್ಷಿ ಆ ಕಿವಿಯೊಂದೇ. ಗಣಿಯ ಕೆಲಸ ಮುಗಿಸಿ ಬಂದು, ಸಂಜೆ ಕೆಂಪು ಮಣ್ಣಿನ ಬಯಲಿನಲ್ಲಿ ನಮಗೆ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಚೆಂಡು ಅವುಚಿಕೊಂಡು ಓಡಬೇಕು, ಓಡುವವಳನ್ನು ಸೊಂಟ ಹಿಡಿದು ಕೆಡವಬೇಕು.

ಕೆಡವಲು ಕಲಿಸಿದವರು ಅವರೇ, ಆದರೆ ಯಾರಾದರೂ ಬಿದ್ದರೆ ಮೊದಲು ಬಿಳಿಚಿಕೊಳ್ಳುವ ಮುಖವೂ ಅವರದೇ. ಓಡಿಬಂದು ಮೊಣಕಾಲೂರಿ ಕೇಳುತ್ತಿದ್ದರು: “ಮುಂಜಾನಿ ಏನ್ ತಿಂದೀ, ಹೇಳ್.” ತಡವರಿಸಿದರೆ ತಲೆಗೆ ಪೆಟ್ಟಾಗಿದೆ ಎಂದೇ ಲೆಕ್ಕ, ಅವತ್ತಿನ ಆಟ ಮುಗಿಯಿತು.

“ನಾನೂ ಪೆಟ್ಟು ಮುಚ್ಚಿಟ್ಟಾವನ,” ಎನ್ನುತ್ತಿದ್ದರು. “ತಲಿ ಗಿರ್ ಅಂದ್ರೂ ಏನಿಲ್ರಿ ಅಂತ ಆಡೀನಿ. ಒಂದು ಮ್ಯಾಚು ಗೆದ್ದಿದ್ದು ಮರುದಿನ ಮಂದಿ ಹೇಳಿದ್ಮ್ಯಾಲ ಗೊತ್ತಾತು. ಕೈ ಮುರದ್ರ ಕೂಡ್ತೈತಿ. ತಲಿ ಕೂಡಂಗಿಲ್ಲ ಲೇ.”

ನಮಗೋ ಹುಡುಗು ಬುದ್ಧಿ, ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಜಿಲ್ಲಾ ತಂಡದ ಆಯ್ಕೆಗೆಂದು ಹೊಸಪೇಟೆಗೆ ಹೋದ ದಿನ ನನ್ನ ತಲೆ ನೆಲಕ್ಕೆ ಬಡಿಯಿತು. ಸರ್ ಬಗ್ಗಿ ಅದೇ ಪ್ರಶ್ನೆ ಕೇಳಿದರು. ನನಗೆ ಏನೂ ನೆನಪಾಗಲಿಲ್ಲ. “ಒಗ್ಗರಣಿ-ಮಿರ್ಚಿ, ಸರ್” ಎಂದುಬಿಟ್ಟೆ. ಮಂಡಕ್ಕಿ ಒಗ್ಗರಣೆ ತಿನ್ನದ ಬೆಳಗು ನಮ್ಮ ಕಡೆ ಎಲ್ಲಿದೆ ಹೇಳಿ, ನಿದ್ದೆಗಣ್ಣಲ್ಲೂ ಬರುವ ಉತ್ತರ ಅದು. ಸರ್ ತಲೆಯಾಡಿಸಿ ಹೊರಟವರು ಎರಡು ಹೆಜ್ಜೆ ಇಟ್ಟು ನಿಂತರು.

“ಬಸ್ಸಿನ್ಯಾಗ ನಾನ ನಿಮಗ ಇಡ್ಲಿ ಕೊಟ್ಟೀನಲ್ಲ.”

ನನ್ನನ್ನು ಹೊರಗೆ ಕೂರಿಸಿದರು, ಆಯ್ಕೆ ಕೈತಪ್ಪಿತು. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಎಲ್ಲರ ಮುಂದೆ ಬೈದು, ತಿಂಗಳುಗಟ್ಟಲೆ ಮಾತು ಬಿಟ್ಟೆ. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. “ಬಾರವ್ವಾ, ಕುಂದ್ರು” ಎಂದರು, ಹೆಸರು ಹಿಡಿದು ಕರೆಯಲಿಲ್ಲ. ಮಾತಿನ ನಡುವೆ ಮೂರು ಸಲ “ಯಾವೂರವ್ವಾ ನಿಂದು?” ಎಂದು ಕೇಳಿದರು. ಮೂರನೆಯ ಸಲಕ್ಕೆ ಅವರದೇ ಹಳೆಯ ಪ್ರಶ್ನೆ ನನ್ನ ನಾಲಿಗೆಗೆ ಬಂತು. ಬೇಡ ಬೇಡ ಎಂದುಕೊಳ್ಳುತ್ತಲೇ ಕೇಳಿಬಿಟ್ಟೆ.

“ಸರ್, ಮುಂಜಾನಿ ಏನ್ ತಿಂದ್ರಿ?”

ಸರ್ ಒಂದಿಷ್ಟೂ ತಡವರಿಸಲಿಲ್ಲ. “ಒಗ್ಗರಣಿ-ಮಿರ್ಚಿ” ಎಂದರು.

ಅವರ ಹೆಂಡತಿ ನನ್ನ ಮುಖ ನೋಡದೆ ಸರ್ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಸರ್ ಅರ್ಧ ತಿಂದು ಬಿಟ್ಟ ಉಪ್ಪಿಟ್ಟು ಇತ್ತು.