ಕೆಚ್ಚಲಿಗೆ ಬೆಣ್ಣೆ

ಬಾಣಂತನ ಮುಗಿಸಿ ಸಾತನೂರಿನ ಗಂಡನ ಮನೆಗೆ ಬಂದಾಗಲೂ ನನ್ನ ಮೊಲೆತೊಟ್ಟುಗಳು ಬಿರಿದೇ ಇದ್ದವು. ಮಗಳು ಬಾಯಿ ಹಾಕಿದರೆ ಜೀವ ಹೋದಂತಾಗುತ್ತಿತ್ತು. ಹಾಲಿನ ಜೊತೆ ರಕ್ತವೂ ಜಿನುಗುತ್ತಿತ್ತು. ಅದೇ ಹೊತ್ತಿಗೆ ಹಸುವಿನ ಕೆಚ್ಚಲೂ ಒಡೆದಿತ್ತು. ಡೈರಿಗೆ ಹಾಲು ಕರೆದ ಮೇಲೆ ಅತ್ತೆ ಅದಕ್ಕೆ ಮೆಲ್ಲಗೆ ಬೆಣ್ಣೆ ಸವರುತ್ತಿದ್ದರು. ನನಗೂ ಒಂಚೂರು ಕೊಡಿ ಎಂದೆ.

"ನೋವಾದ್ರೆ ಅದು ಒದೀತದೆ ಕಣಮ್ಮಿ. ನೀನು ಒದ್ದೀಯಾ?" ಎಂದು ಡಬ್ಬಿ ಮುಚ್ಚಿದರು.

ನಾನು ಒದೆಯಲಿಲ್ಲ. ಹಲ್ಲು ಕಚ್ಚಿಕೊಂಡು ಹಾಲೂಡಿಸಿದೆ.

ಈಗ ಮಗಳು ಶಾಲೆಗೆ ಹೋಗುತ್ತಾಳೆ, ಅಡುಗೆಮನೆ ನನ್ನ ಕೈಯಲ್ಲಿದೆ. ಮೊನ್ನೆ ಅತ್ತೆ ಬಿರಿದ ಹಿಮ್ಮಡಿಯನ್ನು ನನ್ನ ಮುಂದೆ ಚಾಚಿದರು.

"ಒಸಿ ಬೆಣ್ಣೆ ಕೊಡವ್ವ, ಕಾಲು ಊರಕ್ಕಾಯ್ತಿಲ್ಲ."

ನಾನು ಡಬ್ಬಿಯ ಮುಚ್ಚಳ ತೆಗೆದು, ಅಲ್ಲೇ ನಿಂತೆ.

"ಒದೀರಿ ಅತ್ತೆ, ಕೊಡ್ತೀನಿ."