ಅಂಚಿನ ಹಕ್ಕಿಗಳು

ಜಲನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫಿಸಿಕ್ಸ್ ಮೇಡಂ ಪುಟ್ಟದೊಂದು ವಿಆರ್ ಹೆಡ್‌ಸೆಟ್ ಮಾಡುತ್ತಿದ್ದರು. ಅದನ್ನು ತೆಳುವಾಗಿಸಿದಷ್ಟೂ ಚಿತ್ರದ ಅಂಚು ಮಸುಕಾಗುತ್ತಿತ್ತು. ಆ ಅಂಚಿನದೇ ಧ್ಯಾನವಾಗಿ, ಹಾಲಿನವನನ್ನೂ ಓರೆಗಣ್ಣಿನಲ್ಲೇ ನೋಡುವ ಅಭ್ಯಾಸ ಅವರಿಗೆ ಬಿದ್ದಿತ್ತು. ಲೆನ್ಸ್ ಬದಲಿಸಿದಾಗಲೆಲ್ಲ ಓಡಿಬಂದು ಹೆಡ್‌ಸೆಟ್ ನನ್ನ ತಲೆಗೆ ಹಾಕಿ, ಒಂದು ಜೋಳದ ಹೊಲ ತೋರಿಸುವರು. ನಾನು ಮರ್ಯಾದೆಗೆ "ಛಲೋ ಐತ್ರಿ" ಎಂದರೆ ಸಿಡುಕುವರು: "ನಡುವಿಂದು ಬಿಡ್ರಿ, ಅಂಚಿಂದು ಹೇಳ್ರಿ!"

ಒಮ್ಮೆ ಘೋಣಸಗಿಯಿಂದ ನಮ್ಮವ್ವ ಬಂದಿದ್ದಳು. ಜೋಳದ ಹೊಲ ಕಾಯುತ್ತಲೇ ಬೆಳೆದವಳು. ಮೇಡಂ ಆ ದಿನದ ಹೊಸ ಲೆನ್ಸನ್ನು ಅವಳಿಗೇ ತೋರಿಸಿದರು. ಅವ್ವ ನೋಡನೋಡುತ್ತ, ಕತ್ತು ಚೂರೂ ತಿರುಗಿಸದೆ ಬಲಗೈ ಬೀಸಿ ಕೂಗಿದಳು: "ಹೋ! ಹೋ! ಅಲ್ಲೆ ಬದುವಿನ ಕಡೆ ಹಕ್ಕಿ ಕುಂತಾವ ನೋಡವಾ, ತೆನಿ ತಿನ್ನಾಕತ್ತಾವ!"

ನಾನು ಬೆರಗಾದೆ. ಆ ಮೂಲೆಯಲ್ಲಿ ನನಗೆ ಅಲ್ಲಿಯವರೆಗೆ ಕಂಡಿದ್ದು ಬರೀ ಕಂದು ಮಬ್ಬು.

ಮೇಡಂ ಕುರ್ಚಿಯಿಂದ ಜಿಗಿದೆದ್ದರು. "ಹೊಡೀರಿ ಯವ್ವಾ, ಹೊಡೀರಿ!" ಎಂದು ತಾವೂ ಎರಡೂ ಕೈ ಬೀಸುತ್ತ, ತಮಗೆ ಕಾಣದ ಆ ಹಕ್ಕಿಗಳನ್ನು ನಮ್ಮ ಪಡಸಾಲೆಯಿಂದ ಓಡಿಸತೊಡಗಿದರು.